ಹಲವು ಕೈಗಳ ಬರವಣಿಗೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ನಮ್ಮ ಶಾಲೆಯ ಚರಿತ್ರೆಯನ್ನು ಬರೆಯಲು ತೊಡಗಿದರು. ಒಬ್ಬನು ಬೆಂಗಳೂರಿನಲ್ಲಿ, ಒಬ್ಬಳು ದುಬೈಯಲ್ಲಿ, ನಾನು ನಮ್ಮ ಮನೆಯ ಜಗುಲಿಯಲ್ಲಿ. ಬರೆಯುವ ಹಾಳೆ ಮಾತ್ರ ಒಂದೇ, ಗೂಗಲ್ ಡಾಕ್ಸ್‌ನಲ್ಲಿ. ನಾನು ನೋಡುತ್ತಿದ್ದಂತೆಯೇ ನನ್ನದೊಂದು ಸಾಲು ಮಾಯವಾಯಿತು. ಮರುಕ್ಷಣವೇ ದುಬೈಯಿಂದ ಫೋನು: "ತಪ್ಪು ತಿಳಿಯಬೇಡಿ ಸರ್, ಜಾಗ ಕೊಟ್ಟ ವರ್ಷ ನೀವು ಬರೆದದ್ದಲ್ಲ. ದಾನಪತ್ರದ ಫೋಟೋ ನನ್ನ ಹತ್ತಿರ ಇದೆ." ಜೀವಮಾನವಿಡೀ ಇತರರ ವಾಕ್ಯಗಳಿಗೆ ಕೆಂಪು ಶಾಯಿ ಹಚ್ಚಿದವನಿಗೆ ಇದು ಹೊಸ ಅನುಭವ. ಆದರೆ ಅವಳ ಮಾತೇ ಸರಿಯಾಗಿತ್ತು.

ಕೂಡಿ ಬರೆಯುವುದು ಕನ್ನಡಕ್ಕೆ ಹೊಸತೇನಲ್ಲ. 12ನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಬಳಿಕ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನು ತಂತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳು ನಮಗೆ ಉಳಿದಿವೆ. ಜೋಡಣೆ ಬದಲಾದರೂ ವಚನ ಯಾರದೆಂಬುದು ಮರೆಯಾಗಲಿಲ್ಲ. ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ. ಅಂಕಿತವೇ ಆ ಕಾಲದ ರುಜು.

ಮುಂದೆ ಅಂಚೆಯ ಯುಗ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ 1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ ಓದುಗರ ನೆರವನ್ನು ಬೇಡಿದನು. ಪದ ಬಳಕೆಯಾದ ವಾಕ್ಯಗಳನ್ನು ಸಾಮಾನ್ಯ ಓದುಗರು ಚೀಟಿಗಳಲ್ಲಿ ಬರೆದು ಕಳುಹಿಸಿದರು. ಲಕ್ಷಾಂತರ ಚೀಟಿಗಳು ಬಂದು ಸೇರಿದವು. ಮೊದಲ ಭಾಗ 1884ರಲ್ಲಿ ಹೊರಬಂತು. ಕೆಲಸ ಮುಗಿದದ್ದು 1928ರಲ್ಲಿ. ಅದಕ್ಕೆ 13 ವರ್ಷ ಮೊದಲೇ ಮರ್ರೆ ತೀರಿಕೊಂಡಿದ್ದನು. ಇಲ್ಲಿ ಚೀಟಿ ಬರೆದವನಿಗೆ ಇನ್ನೊಬ್ಬನ ಚೀಟಿ ಕಾಣುತ್ತಿರಲಿಲ್ಲ. ಯಾವುದು ಉಳಿಯಬೇಕು, ಯಾವುದು ಬೇಡ ಎಂಬ ತೀರ್ಮಾನ ಸಂಪಾದಕನ ಮೇಜಿನ ಮೇಲೆಯೇ ಆಗುತ್ತಿತ್ತು.

ಆ ಮೇಜನ್ನು ಬಯಲಿಗೆ ತಂದವನು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ತಾಣವನ್ನು ಅವನು 1995ರಲ್ಲಿ ತೆರೆದು, ಅದಕ್ಕೆ ಹವಾಯಿ ಭಾಷೆಯಲ್ಲಿ 'ಬೇಗ' ಎಂಬರ್ಥದ 'ವಿಕಿ' ಎಂಬ ಮಾತಿನಿಂದ ಹೆಸರಿಟ್ಟನು. 2001ರಲ್ಲಿ ವಿಕಿಪೀಡಿಯ ಹುಟ್ಟಿತು. 2003ರಲ್ಲಿ ಕನ್ನಡದ್ದೂ ಆರಂಭವಾಯಿತು. ಹಿಂದೆ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದುದುಂಟು. ಯೂನಿಕೋಡ್ ಆ ತೊಡಕನ್ನು ನೀಗಿಸದಿದ್ದರೆ ಇದಾವುದೂ ನಮ್ಮ ಲಿಪಿಯಲ್ಲಿ ಸುಲಭವಾಗುತ್ತಿರಲಿಲ್ಲ.

ಮುದ್ರಣದ ಕಾಲದಲ್ಲಿ ಮೊದಲು ಪರಿಶೀಲನೆ, ಆಮೇಲೆ ಪ್ರಕಟಣೆ. ವಿಕಿಯಲ್ಲಿ ಮೊದಲು ಪ್ರಕಟಣೆ, ಆಮೇಲೆ ಪರಿಶೀಲನೆ. ಇದರಲ್ಲಿ ಅಪಾಯವಿಲ್ಲದೆ ಇಲ್ಲ. ಬಲ್ಲವನಿಗಿಂತ ಹಟವುಳ್ಳವನ ಮಾತು ಗೆಲ್ಲಬಹುದು. ಹತ್ತು ಜನ ತಿದ್ದಿದ ಗದ್ಯ ಯಾರ ದನಿಯೂ ಇಲ್ಲದೆ ಸಪ್ಪೆಯಾಗಬಹುದು. ಆದರೆ ಪ್ರತಿ ಪುಟದ ಹಿಂದೆ 'ಇತಿಹಾಸ' ಎಂಬ ಇನ್ನೊಂದು ಪುಟವಿದೆ. ಯಾವ ಖಾತೆಯಿಂದ, ಯಾವ ಗಳಿಗೆಯಲ್ಲಿ ಏನನ್ನು ಸೇರಿಸಿದರು, ಏನನ್ನು ಅಳಿಸಿದರು ಎಂಬುದೆಲ್ಲ ಅಲ್ಲಿ ದಾಖಲು. ನಮ್ಮ ಹಸ್ತಪ್ರತಿಗಳಲ್ಲಿ ಒಬ್ಬ ಲಿಪಿಕಾರ ಬಿಟ್ಟ ಸಾಲು ಬೇರೆ ಪ್ರತಿ ಸಿಕ್ಕದಿದ್ದರೆ ಶಾಶ್ವತವಾಗಿ ಹೋದಂತೆಯೇ. ಇಲ್ಲಿ ಬಿಟ್ಟದ್ದೂ ಉಳಿಯುತ್ತದೆ, ಹುಡುಕುವ ಮನಸ್ಸಿದ್ದವರಿಗೆ.

ನನ್ನ ಸಾಲಿನ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ತಪ್ಪಿದ ವರ್ಷದ ಜೊತೆಗೆ, ಗೋಡೆ ಕಟ್ಟುವಾಗ ಕೂಲಿ ಪಡೆಯದೆ ಮಣ್ಣು ಹೊತ್ತ ಕೇರಿಯ ಹೆಂಗಸರ ಮಾತೂ ಅಳಿದುಹೋಗಿತ್ತು. ದಾನಿಯ ಹೆಸರು ಪತ್ರದಲ್ಲಿದೆ. ಇವರದು ಯಾವ ಪತ್ರದಲ್ಲಿಯೂ ಇಲ್ಲ. ನಾನು ಹೇಳಿದೊಡನೆ ಆ ಹುಡುಗಿಯೇ ಹಳೆಯ ಪ್ರತಿಯನ್ನು ತೆರೆದು ಆ ಮಾತನ್ನು ಮರಳಿ ಸೇರಿಸಿದಳು. ವರ್ಷ ಅವಳದು, ಹೆಂಗಸರ ಮಾತು ನನ್ನದು. ಸಾಲು ಈಗ ಇಬ್ಬರದೂ. ನಿಮ್ಮಲ್ಲಿ ಯಾರಿಗಾದರೂ ಆ ಹೆಂಗಸರ ಹೆಸರುಗಳು ನೆನಪಿದ್ದರೆ ದಯವಿಟ್ಟು ಬರೆದು ಸೇರಿಸಿ. ಹಾಳೆ ಇನ್ನೂ ತೆರೆದಿದೆ.