ಡೋಗಿ ಬರವೂ ಹಲ್ಲಿನ ಗಾರೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂದ ಕೂಡಲೇ ನಮಗೆ ನೆನಪಾಗೋದು ಕೋಟೆ, ದೇಸಾಯರು, ಎಲ್ಲಮ್ಮನ ಗುಡ್ಡ, 1824ರ ಯುದ್ಧ. ಶಾಸನಗಳಿಗೂ ಬರವಿಲ್ಲ. ಯಾವ ಬಸದಿಗೆ ಎಷ್ಟು ಮತ್ತರು ಭೂಮಿ ಬಿಟ್ಟರು ಅಂತ ಸವದತ್ತಿಯ ರಟ್ಟರ ಕಲ್ಲುಗಳು ಸಾವಿರ ವರ್ಷದ ಮೇಲೂ ಲೆಕ್ಕ ಒಪ್ಪಿಸುತ್ತವೆ. ಆದರೆ ಆ ಭೂಮಿ ಉತ್ತವನು ಏನು ತಿಂದ, ಯಾವ ಜ್ವರದಲ್ಲಿ ಮಲಗಿದ? ಕಲ್ಲು ಸುಮ್ಮನಿರುತ್ತದೆ.

ಇದು ನನ್ನನ್ನು ತುಂಬಾ ಕಾಡೋದು 1791-92ರ ಬರದ ವಿಷಯದಲ್ಲಿ. ಅದಕ್ಕೆ ಡೋಗಿ ಬರ ಅಂತ ಹೆಸರು. ಅಂದರೆ ತಲೆಬುರುಡೆಗಳ ಬರ. ಮಳೆ ಕೈಕೊಟ್ಟಿತ್ತು. ಅದರ ಮೇಲೆ ಟಿಪ್ಪುವಿನ ವಿರುದ್ಧದ ಯುದ್ಧ. ಪರಶುರಾಮ ಭಾವುವಿನ ಮರಾಠಾ ದಂಡು, ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಸೇರಿ 1790ರ ಸೆಪ್ಟೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗೆ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದವು. ದಂಡು ತುಳಿದ ದಾರಿಯಲ್ಲಿ ಕಾಳು ಉಳಿಯುತ್ತದೆಯೇ? ಹೂಳುವವರೂ ಇಲ್ಲದೆ ಬುರುಡೆಗಳು ಬಯಲಲ್ಲೇ ಬಿದ್ದು ಬಿಳುಪಾದವು ಅನ್ನೋದರಿಂದ ಆ ಹೆಸರು. ಇಡೀ ಸೀಮೆಯ ಸಂಕಟ ಎರಡೇ ಪದದಲ್ಲಿ ಉಳಿದಿದೆ ನೋಡಿ.

ಈಗ ಸ್ವಲ್ಪ ಹಲ್ಲಿನ ಕಡೆ ಬರೋಣ (ಮುಖ ಸಿಂಡರಿಸಬೇಡಿ, ಸಂಬಂಧ ಇದೆ!). ಹಲ್ಲಿನ ಮೇಲೆ ಕೂರುವ ಪಾಚಿಯನ್ನು ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಎಲೆ-ಅಡಿಕೆ ಹಾಕುವವರ ಬಾಯಲ್ಲಂತೂ ಇನ್ನೂ ಜಾಸ್ತಿ. ಜೊಲ್ಲು ಬರೀ ನೀರಲ್ಲ. ಅದರಲ್ಲಿ ಐಜಿಎ ಎಂಬ ಪ್ರತಿಕಾಯ ಇದೆ. ರೋಗಾಣುಗಳನ್ನು ಹಿಡಿದು ಅಂಟದಂತೆ ಮಾಡೋದು ಅದರ ಕೆಲಸ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೊಜೈಮ್ ಇದೆ, ಅವಕ್ಕೆ ಕಬ್ಬಿಣ ಸಿಗದಂತೆ ಮಾಡುವ ಲ್ಯಾಕ್ಟೊಫೆರಿನ್ ಇದೆ. ವಸಡು ಬಾತರೆ ರಕ್ತದಿಂದ ಬಿಳಿ ಕಣಗಳೂ ಐಜಿಜಿ ಪ್ರತಿಕಾಯಗಳೂ ಸಂದಿಯಿಂದ ಒಸರುತ್ತವೆ. ಇವೆಲ್ಲ ಪಾಚಿಯ ಜೊತೆಗೇ ಗಾರೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಗೋಡೆಯ ಹಸಿ ಗಾರೆಗೆ ನೊಣ ಅಂಟಿದ ಹಾಗೆ.

2014ರಲ್ಲಿ ಕ್ರಿಸ್ಟಿನಾ ವಾರಿನ್ನರ್ ಮತ್ತು ಸಂಗಡಿಗರು ಜರ್ಮನಿಯ ಡಾಲ್ಹೈಮ್‌ನ ಮಧ್ಯಯುಗದ ಅಸ್ಥಿಗಳ ಗಾರೆ ಕೆರೆದು ನೋಡಿದರು. ವಸಡು ರೋಗದ ಬ್ಯಾಕ್ಟೀರಿಯಾಗಳೂ ಇದ್ದವು, ಅವುಗಳ ಜೊತೆ ಕಾದಾಡಿದ ಮನುಷ್ಯ ದೇಹದ ಪ್ರೋಟೀನುಗಳೂ ಇದ್ದವು! ಅದೇ ಡಾಲ್ಹೈಮ್‌ನ ಒಬ್ಬ ಹೆಂಗಸಿನ ಹಲ್ಲಲ್ಲಿ ದುಬಾರಿ ನೀಲಿ ಬಣ್ಣದ ಕಣ ಸಿಕ್ಕಿ, ಆಕೆ ಹಸ್ತಪ್ರತಿಗಳಿಗೆ ಚಿತ್ರ ಬರೆಯುತ್ತಿದ್ದಿರಬೇಕು ಅಂತ 2019ರಲ್ಲಿ ವಾರಿನ್ನರ್ ಕೂಡ ಇದ್ದ ತಂಡವೊಂದು ಹೇಳಿತು. 2023ರಲ್ಲಿ ಇಂಗ್ಲೆಂಡಿನವರು ಮಧ್ಯಯುಗದ ಹಲ್ಲುಗಳೊಳಗಿಂದ ಪ್ರತಿಕಾಯಗಳನ್ನೇ ತೆಗೆದರು. ಅವು ಇಂದಿಗೂ ವೈರಸ್ಸಿನ ಪ್ರೋಟೀನನ್ನು ಗುರುತು ಹಿಡಿದವು.

ನಮ್ಮ ಬರಕ್ಕೂ ಇದಕ್ಕೂ ಕೊಂಡಿ ಹೈದರಾಬಾದಿನಲ್ಲಿದೆ. ಅಲ್ಲಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿನೋದಿನಿ ರೆಡ್ಡಿ ಮತ್ತು ಜೊತೆಗಾರರು 1976ರಲ್ಲಿ, ತೀವ್ರ ಅಪೌಷ್ಟಿಕತೆಯ ಮಕ್ಕಳ ಜೊಲ್ಲಿನಲ್ಲಿ ಐಜಿಎ ಕಡಿಮೆಯಾಗಿರುತ್ತದೆ ಎಂದು ತೋರಿಸಿದರು. ಅಂದರೆ ಹೊಟ್ಟೆಗಿಲ್ಲದಿದ್ದರೆ ಬಾಯಿಬಾಗಿಲ ಕಾವಲುಗಾರನೇ ಸೊರಗುತ್ತಾನೆ. ಬರದಲ್ಲಿ ಜನ ಬರೀ ಹಸಿವಿನಿಂದ ಸಾಯೋದಿಲ್ಲ. ಭೇದಿ, ಜ್ವರ ಬಂದು ಸಾಯುತ್ತಾರೆ. 1876-78ರ ಬರದಲ್ಲೂ ಆದದ್ದು ಅದೇ. ಆದರೆ ಆ ಹೊತ್ತಿಗೆ ಎಣಿಸಲು ಸರ್ಕಾರವಿತ್ತು, 1884ರ ಬೆಳಗಾವಿ ಗ್ಯಾಜೆಟಿಯರಿನಲ್ಲಿ ಸಂಪಗಾಂವ (ಇಂದಿನ ಬೈಲಹೊಂಗಲ), ಪರಸಗಡ (ಸವದತ್ತಿ) ತಾಲೂಕುಗಳ ಲೆಕ್ಕ ಸೇರಿತು. ಡೋಗಿ ಬರಕ್ಕೆ ಆ ಭಾಗ್ಯವೂ ಇಲ್ಲ.

ಹಾಗಾದರೆ ಬಯಲಲ್ಲಿ ಬಿದ್ದ ಆ ಬುರುಡೆಗಳ ಹಲ್ಲು ಓದಬಹುದಲ್ಲ ಅಂತೀರಾ? ಬಿಸಿಲು ಮಳೆಗೆ ಬಿದ್ದ ಎಲುಬು ಉಳಿಯೋದಿಲ್ಲ. ವಾರದಲ್ಲಿ ಸತ್ತವನ ಗಾರೆಯಲ್ಲಿ ಆ ವಾರದ ಕತೆ ಇರೋದೂ ಇಲ್ಲ. ಗಾರೆ ಕಟ್ಟಲು ತಿಂಗಳು, ವರ್ಷ ಬೇಕು. ಓದಬೇಕಾದ್ದು ಬದುಕಿ ಉಳಿದವರ ಹಲ್ಲು. 1792ರಲ್ಲಿ ಹದಿನೈದು ವರ್ಷದ ಹುಡುಗಿ, ಮುಂದೆ ಎಪ್ಪತ್ತಕ್ಕೆ ಸತ್ತು ಶಾಸ್ತ್ರೋಕ್ತವಾಗಿ ಮಣ್ಣಾದಳು ಅನ್ನಿ. ಅವಳ ಹಲ್ಲಿನಲ್ಲಿ ಬರದ ನಂತರದ ಬದುಕಿದೆ. ಈ ನಾಲ್ಕೂ ಊರುಗಳ ಸುತ್ತ ಹೂಳುವ ರೂಢಿ ಬಲವಾಗಿದೆ: ಲಿಂಗಾಯತರು ಸಮಾಧಿ ಮಾಡುತ್ತಾರೆ, ಮುಸಲ್ಮಾನರು ದಫನ ಮಾಡುತ್ತಾರೆ. ಸವದತ್ತಿ, ರಾಮದುರ್ಗದ ಎರೆ ಮಣ್ಣಿನಲ್ಲಿ ಸುಣ್ಣದ ಅಂಶವಿರುವುದರಿಂದ ಎಲುಬಿಗೂ ಒಂದಿಷ್ಟು ಆಸರೆ.

ಹಾಗಂತ ಗೋರಿ ಅಗೆಯಲು ಹೊರಡೋಣ ಅಂತಲ್ಲ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿಯುವ ಜನ ತಮ್ಮ ಮುತ್ತಜ್ಜಿಯ ಸಮಾಧಿಗೂ ಅಷ್ಟೇ ಗೌರವ ಕೊಡುತ್ತಾರೆ. ವಿಜ್ಞಾನಕ್ಕಾಗಿ ಅಂದರೂ ಅವರನ್ನು ಕೇಳದೆ ಮುಟ್ಟೋದು ನನಗೆ ಒಪ್ಪಿಗೆಯಿಲ್ಲ. ಆದರೆ ನೆಲ ಹೇಗೂ ಕದಡುತ್ತಲೇ ಇದೆ. ನವಿಲುತೀರ್ಥದ ಅಣೆಕಟ್ಟಿಗೆ ಎಷ್ಟೋ ಊರು ಎದ್ದು ಹೋದವು, ಗೋರಿಗಳು ಎದ್ದು ಹೋಗಲಿಲ್ಲ. ರಸ್ತೆಗೋ ಬಾವಿಗೋ ಅಗೆಯುವಾಗ ಹಳೇ ದವಡೆ ಸಿಕ್ಕರೆ ಮೊದಲು ಮಾಡುವ ಕೆಲಸ ಅದನ್ನು ಉಜ್ಜಿ ತೊಳೆಯೋದು! ನಿಮ್ಮ ಊರಲ್ಲಿ ಹಾಗೇನಾದರೂ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ, ಹಿರಿಯರನ್ನು ಕೇಳಿ, ಪುರಾತತ್ವದವರು ಬರುವವರೆಗೆ ಹಲ್ಲನ್ನು ಮಾತ್ರ ತೊಳೆಯಬೇಡಿ.