ಹೊರಗೆ ಹೆಜ್ಜೆಯಿಡಲಾರದ ಹಿರಿಯರು: ಗೌಡಗೆರೆ ಸೀಮೆಯಿಂದ ನೋಡಿದ ಒಂದು ಚಿಕಿತ್ಸಾ ಚರಿತ್ರೆ

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸು ಹತ್ತಿದೊಡನೆ ಎದೆ ಡವಡವ ಹೊಡೆದು, ಕೈಕಾಲು ನಡುಗಿ, ಪ್ರಾಣವೇ ಹೋಯಿತೆನ್ನುವಷ್ಟು ಗಾಬರಿಯಾಗುವ ಎಪ್ಪತ್ತರ ಹಿರಿಯರಿಗೆ ಆ ದಾರಿಯೇ ದೊಡ್ಡ ಅಡ್ಡಿ. ಇಂಥ ಹಠಾತ್ ಗಾಬರಿಯ ದಾಳಿಗಳ ಪ್ಯಾನಿಕ್ ಕಾಯಿಲೆ ಮತ್ತು ಹಲವೊಮ್ಮೆ ಅದರ ಜೊತೆಗೆ ಬರುವ ಅಗೋರಾಫೋಬಿಯಾ, ಅಂದರೆ ಸಂತೆ, ಬಸ್ಸು, ಜನಜಂಗುಳಿಗಳ ಭಯ, ರೋಗಿಯನ್ನು ಆಸ್ಪತ್ರೆಯಿಂದಲೇ ದೂರವಿಡುತ್ತವೆ. ಆದ್ದರಿಂದ ಚಿಕಿತ್ಸೆ ರೋಗಿಯ ಮನೆಯ ಕಡೆಗೆ ಎಷ್ಟು ದೂರ ಬಂದಿದೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಈ ಚರಿತ್ರೆಯನ್ನು ಓದುವುದು ಸರಿಯೆಂದು ನನ್ನ ಭಾವನೆ.

ಈ ಎರಡು ಸ್ಥಿತಿಗಳ ವೈದ್ಯಕೀಯ ವಿವರಣೆ 1871ರಷ್ಟು ಹಿಂದಿನದು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತ, ಎದೆನೋವುಗಳನ್ನು ವೈದ್ಯ ಜೇಕಬ್ ಡಾ ಕೋಸ್ಟಾ ಬರೆದಿಟ್ಟರು. ಅದೇ ಹೊತ್ತಿಗೆ ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಬಯಲು, ಬೀದಿಗಳನ್ನು ದಾಟಲು ಹೆದರುವ ರೋಗಿಗಳನ್ನು ವರ್ಣಿಸಿ ಅಗೋರಾಫೋಬಿಯಾ ಎಂದು ಹೆಸರಿಟ್ಟರು. 1960ರ ದಶಕದ ಆರಂಭದಲ್ಲಿ ಮನೋವೈದ್ಯ ಡೊನಾಲ್ಡ್ ಕ್ಲೈನ್ ಇಮಿಪ್ರಮೀನ್ ಮಾತ್ರೆ ಪ್ಯಾನಿಕ್ ದಾಳಿಗಳನ್ನು ತಗ್ಗಿಸುವುದನ್ನು ತೋರಿಸಿದರು. 1980ರಲ್ಲಿ ಅಮೆರಿಕದ ರೋಗವರ್ಗೀಕರಣ ಪ್ಯಾನಿಕ್ ಅನ್ನು ಪ್ರತ್ಯೇಕ ಕಾಯಿಲೆಯೆಂದು ಒಪ್ಪಿತು.

ನಮ್ಮಲ್ಲಿ ಧಾರವಾಡದ 1845ರ ಆಸ್ಪತ್ರೆಯಾಗಲಿ, 19ನೇ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚಾಸ್ಪತ್ರೆಯಾಗಲಿ ಇಂಥವರಿಗಾಗಿ ಕಟ್ಟಿದ್ದಲ್ಲ. ಮನೆಯ ಮೂಲೆಯಲ್ಲಿ ಸುಮ್ಮನೆ ಹೆದರಿ ಕುಳಿತವರನ್ನು ಯಾರೂ ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಅದೂ ಹಳೆಯ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ದಿಕ್ಕು ಬದಲಾದದ್ದು ಆ ದಶಕದಲ್ಲೇ. ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಆಸ್ಪತ್ರೆಯ ಕದ ತಟ್ಟದ ಸಂಕಟ ಹಳ್ಳಿಯಲ್ಲಿ ಎಷ್ಟಿದೆಯೆಂಬುದು ಅಲ್ಲಿ ಕಂಡಿತು. ಅದೇ ಹೊತ್ತಿಗೆ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡತೊಡಗಿತು. ಆ ಅನುಭವದ ಮೇಲೆ 1985ರಲ್ಲಿ ಬಳ್ಳಾರಿ ಜಿಲ್ಲೆಯ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಿಂತಿತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಆದರೆ ಈ ಯೋಜನೆಗಳ ಮೊದಲ ಗಮನ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ಆಗ ಅದು ನ್ಯಾಯವೇ ಆಗಿತ್ತು. ಗಾಬರಿಯ ಕಾಯಿಲೆ ಮಾತ್ರ ಹಿಂದುಳಿಯಿತು.

ಮುಪ್ಪಿನಲ್ಲಿ ಅದು ಇನ್ನಷ್ಟು ಮರೆಯಾಗುತ್ತದೆ. ಎದೆ ಡವಗುಟ್ಟಿದರೆ ಬಿಪಿ ಎನ್ನುತ್ತಾರೆ, ಹೊಟ್ಟೆ ತೊಳಸಿದರೆ ಗ್ಯಾಸ್ಟ್ರಿಕ್. ಮನೆಯಿಂದ ಹೊರಡದಿದ್ದರೆ ವಯಸ್ಸಾಯಿತಲ್ಲ ಎನ್ನುತ್ತಾರೆ. ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ 65 ದಾಟಿದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಮುಖ್ಯ ಸಂಗತಿ ಹೇಳಿತು: ಇಳಿವಯಸ್ಸಿನಲ್ಲಿ ಹೊಸದಾಗಿ ಬರುವ ಅಗೋರಾಫೋಬಿಯಾದ ಹಿಂದೆ ಬಹುತೇಕ ಪ್ಯಾನಿಕ್ ದಾಳಿಗಳೇ ಇರುವುದಿಲ್ಲ. ಒಮ್ಮೆ ಜಾರಿ ಬಿದ್ದ ಮೇಲೆ ಅಥವಾ ಒಂದು ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಹೊರಗಿನ ಭಯ ಕೂರಬಹುದು. ಎದೆ ಹಿಡಿದುಕೊಂಡು ಬಂದವರನ್ನೇ ಹುಡುಕುವ ವೈದ್ಯರ ಕಣ್ಣಿಗೆ ಇವರು ಬೀಳುವುದೇ ಇಲ್ಲ.

ಚಿಕಿತ್ಸೆಯೂ ಯುವಕರಿಗೆ ಕೊಡುವಂಥದ್ದಲ್ಲ. ಮೊದಲ ದಾಳಿ ಮುಪ್ಪಿನಲ್ಲೇ ಬಂದಿದ್ದರೆ ಇಸಿಜಿ, ಥೈರಾಯ್ಡ್, ರಕ್ತದ ಸಕ್ಕರೆ, ಶ್ವಾಸಕೋಶ ಪರೀಕ್ಷಿಸಲೇಬೇಕು. ಬೇಗ ನಿದ್ದೆ, ನೆಮ್ಮದಿ ಕೊಡುವ ಆಲ್ಪ್ರಜೋಲಮ್‌ನಂಥ ಮಾತ್ರೆ ಮರೆವು ತರಬಹುದು, ಬೀಳಿಸಬಹುದು. ಸೊಂಟದ ಮೂಳೆ ಮುರಿದರೆ ಹೊರಗಿನ ಭಯ ನಿಜವಾಗಿಬಿಡುತ್ತದೆ. ಸರ್ಟ್ರಾಲಿನ್, ಎಸಿಟಲೋಪ್ರಮ್‌ಗಳನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಬೇಕು, ರಕ್ತದ ಸೋಡಿಯಂ ಕುಸಿಯದಂತೆ ನೋಡಿಕೊಳ್ಳಬೇಕು. ಆದರೆ ಭಯ ಬಿಡುವುದು ಮೆಟ್ಟಿಲುಮೆಟ್ಟಿಲಾಗಿ ಅದನ್ನು ಎದುರಿಸುವುದರಿಂದ: ಮೊದಲು ಜಗುಲಿ, ಮುಂದಿನ ವಾರ ಬೀದಿಯ ಕೊನೆ, ಆಮೇಲೆ ನ್ಯಾಯಬೆಲೆ ಅಂಗಡಿ, ಕೊನೆಗೆ ಶಿರಾ ಬಸ್ಸು. ಎದೆ ಹೊಡೆದುಕೊಂಡರೂ ಗಾಬರಿ ತಾನಾಗಿಯೇ ಇಳಿಯುವವರೆಗೆ ಅಲ್ಲೇ ನಿಲ್ಲುವುದು. ಇದಕ್ಕೆ ಜೊತೆಗೆ ನಡೆಯುವವರು ಬೇಕು.

2014ರಲ್ಲಿ ಕರ್ನಾಟಕ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತದೆ; ಹೊಸ್ತಿಲು ದಾಟಲಾರದವರನ್ನು ಇದ್ದಲ್ಲೇ ಮುಟ್ಟುವ ಸರ್ಕಾರಿ ಸೇವೆ ಇದು. ಫೋನಿನ ಆಚೆಯವರು ಮಾತ್ರ ಜಗುಲಿಯಿಂದ ಬೀದಿಗೆ ಕೈಹಿಡಿದು ನಡೆಸಲಾರರು. ಆ ಕೆಲಸದ ಮಾದರಿ ತುಮಕೂರು ಜಿಲ್ಲೆಯಲ್ಲೇ ಇದೆ. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ತೀವ್ರ ಮನೋರೋಗಿಗಳನ್ನು ಅವರ ಊರಿನಲ್ಲೇ ವರ್ಷಗಟ್ಟಲೆ ನಿಗಾ ಇಟ್ಟು ನೋಡಿಕೊಂಡಿದೆ. ಗೌಡಗೆರೆ ಹೋಬಳಿಯ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೇಗೂ ಹೋಗುತ್ತಾಳೆ. ಅದೇ ಬೀದಿಯಲ್ಲಿ ಆರು ತಿಂಗಳಿಂದ ಹೊರಬರದ ಅಜ್ಜನನ್ನು ಏಕೆ ಬರುತ್ತಿಲ್ಲವೆಂದು ಕೇಳಿ, ಮಂಗಳವಾರದ ವೈದ್ಯರಿಗೆ ತಿಳಿಸಿ, ವಾರಕ್ಕೊಮ್ಮೆ ಅವನ ಜೊತೆ ನಾಲ್ಕು ಹೆಜ್ಜೆ ನಡೆಯುವುದನ್ನು ಅವಳ ಕೆಲಸದ ಪಟ್ಟಿಗೂ ಪ್ರೋತ್ಸಾಹಧನಕ್ಕೂ ಸೇರಿಸಬೇಕು.