ಒಂದೇ ಚಕ್ರ ಬಿಸಿಯಾಗುತ್ತಿದೆಯೇ? ಬ್ರೇಕ್ ಕ್ಯಾಲಿಪರ್ ಜಾಮ್ ಆಗುವುದು ಏಕೆ, ಪತ್ತೆ ಹೇಗೆ, ದುರಸ್ತಿ ಏನು?

ಕಾರು ಮೊದಲಿನಂತೆ ಸಲೀಸಾಗಿ ಉರುಳುತ್ತಿಲ್ಲ. ಮೈಲೇಜ್ ಇಳಿದಿದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ನಿಲ್ಲಿಸಿ ಇಳಿದಾಗ ಒಂದು ಚಕ್ರದ ಹತ್ತಿರ ಮಾತ್ರ ಸುಟ್ಟ ವಾಸನೆ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ: "ಬ್ರೇಕ್ ಸ್ವಲ್ಪ ಹಿಡಿದುಕೊಂಡಿದೆ ಅಷ್ಟೇ, ಓಡಿಸುತ್ತಾ ಇದ್ದರೆ ತಾನೇ ಬಿಡುತ್ತದೆ." ಈ ಮಾತು ಎಷ್ಟು ನಿಜ? ನಮ್ಮಲ್ಲಿ ಹೆಚ್ಚಾಗಿ ಕಾಣುವ, ಮುಂದೆ ಡಿಸ್ಕ್ ಹಾಗೂ ಹಿಂದೆ ಡ್ರಮ್ ಬ್ರೇಕ್ ಇರುವ ಕುಟುಂಬದ ಕಾರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕ್ಯಾಲಿಪರ್ ಕೆಲಸ ಮಾಡುವುದು ಹೇಗೆ?

ಚಕ್ರದ ಜೊತೆಗೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳ ಮೂಲಕ ಅದುಮಿ ಹಿಡಿಯುವ ಇಕ್ಕಳದಂಥ ಭಾಗ ಕ್ಯಾಲಿಪರ್. ನಾವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡ ಪಿಸ್ಟನ್ ಅನ್ನು ಮುಂದಕ್ಕೆ ತಳ್ಳುತ್ತದೆ, ಒಳಗಿನ ಪ್ಯಾಡ್ ಡಿಸ್ಕ್‌ಗೆ ತಾಗುತ್ತದೆ. ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ.

ಪೆಡಲ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬರುವುದು ಹೇಗೆ? ಅದನ್ನು ಹಿಂದಕ್ಕೆಳೆಯಲು ಯಾವುದೇ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ಒತ್ತಡದಲ್ಲಿ ಸ್ವಲ್ಪ ಬಾಗಿರುತ್ತದೆ. ಒತ್ತಡ ಇಳಿದ ಕೂಡಲೇ ಅದು ತನ್ನ ಮೂಲ ಆಕಾರಕ್ಕೆ ಮರಳುತ್ತಾ ಪಿಸ್ಟನ್ ಅನ್ನು ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ ದೂರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಷ್ಟು ಸಣ್ಣ ಚಲನೆಗೆ ತಡೆಯೊಡ್ಡಲು ತುಸು ತುಕ್ಕು ಅಥವಾ ಒಣಗಿದ ಗ್ರೀಸ್ ಸಾಕು.

ಜಾಮ್ ಆಗಲು ಕಾರಣಗಳು

ಮೊದಲನೆಯದು, ಸ್ಲೈಡ್ ಪಿನ್. ಅದರ ರಬ್ಬರ್ ಬೂಟ್ ಹರಿದರೆ ನೀರು, ಕೆಸರು ಒಳಗೆ ಸೇರಿ ಪಿನ್ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಉದ್ದನೆಯ ಮಳೆಗಾಲ ಇದನ್ನು ಚುರುಕುಗೊಳಿಸುತ್ತವೆ.

ಎರಡನೆಯದು, ಪಿಸ್ಟನ್. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಕ್ಯಾಲಿಪರ್ ಒಳಗೇ ತುಕ್ಕು ಶುರುವಾಗುತ್ತದೆ.

ಮೂರನೆಯದು, ಹೋಸ್. ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡಿರಬಹುದು. ಆಗ ಪೆಡಲ್ ಒತ್ತಿದರೆ ಆಯಿಲ್ ಚಕ್ರದ ಕಡೆಗೆ ಹೋಗುತ್ತದೆ, ಬಿಟ್ಟರೆ ಬೇಗ ವಾಪಸ್ ಬರುವುದಿಲ್ಲ. ಇದನ್ನು ಗಮನಿಸದೆ ಕ್ಯಾಲಿಪರ್ ಬದಲಿಸಿದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಇದು ಎಷ್ಟು ಅಪಾಯಕಾರಿ?

ಸದಾ ಉಜ್ಜುತ್ತಿರುವ ಪ್ಯಾಡ್ ಡಿಸ್ಕ್ ಅನ್ನು ಕಾಯಿಸುತ್ತದೆ, ಆ ಶಾಖ ಬ್ರೇಕ್ ಆಯಿಲ್‌ಗೂ ತಲುಪುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು 3.7% ನೀರು ಸೇರಿದ ಮೇಲೆ ಈ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆಯಿಲ್‌ನಲ್ಲಿ ಇವು ಕ್ರಮವಾಗಿ 205 ಮತ್ತು 140 ಡಿಗ್ರಿ. ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವದಂತಲ್ಲದೆ ಆವಿ ಕುಗ್ಗುವುದರಿಂದ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವ ಶಕ್ತಿ ಕುಸಿಯುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವಾಗ ಹೀಗಾದರೆ ಪರಿಣಾಮವನ್ನು ವಿವರಿಸಬೇಕಿಲ್ಲ.

ಪತ್ತೆ ಮಾಡುವುದು ಹೇಗೆ?

1. ಶಾಖದ ಹೋಲಿಕೆ: ಸಮತಟ್ಟಾದ, ವಾಹನ ಕಡಿಮೆ ಇರುವ ರಸ್ತೆಯಲ್ಲಿ 10–15 ನಿಮಿಷ ಆದಷ್ಟು ಕಡಿಮೆ ಬ್ರೇಕ್ ಬಳಸಿ ಓಡಿಸಿ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮುಂದಿನ ಎಡ ಮತ್ತು ಬಲ ಡಿಸ್ಕ್‌ಗಳನ್ನು ಅಳೆಯಿರಿ. ಅದಿಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ಹಿಡಿದು ಹೋಲಿಸಿ, ಮುಟ್ಟಬೇಡಿ. ಎರಡೂ ಬೆಚ್ಚಗಿರುವುದು ಸಹಜ. ಒಂದು ಮಾತ್ರ ವಿಪರೀತ ಕಾದಿದ್ದರೆ ಅಲ್ಲೇ ಹುಡುಕಬೇಕು. ಒಂದಕ್ಕಿಂತ ಹೆಚ್ಚು ಚಕ್ರ ಕಾಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಕಡೆಗೂ ಅನುಮಾನ ಹೋಗಬೇಕು.

2. ಚಕ್ರ ತಿರುಗಿಸುವುದು: ಕಾರು ತಣ್ಣಗಾದ ಮೇಲೆ ಗಟ್ಟಿ, ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಸಹಾಯಕ್ಕಿರುವವರು ಪೆಡಲ್ ಒತ್ತಿ ಬಿಟ್ಟ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ. ಸಣ್ಣ ಉಜ್ಜುವ ಸದ್ದು ಸಾಮಾನ್ಯ. ಬಲ ಹಾಕಿದರೂ ತಿರುಗದಿದ್ದರೆ ಜಾಮ್ ಖಚಿತ.

3. ಒತ್ತಡವೋ, ತುಕ್ಕೋ: ಚಕ್ರ ಹಿಡಿದುಕೊಂಡಿರುವಾಗಲೇ ಕ್ಯಾಲಿಪರ್‌ನ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿದಾಗ ಚಕ್ರ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ. ತಪ್ಪು ಹೋಸ್‌ನದ್ದು ಅಥವಾ ಮಾಸ್ಟರ್ ಸಿಲಿಂಡರ್‌ನದ್ದು. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಪಿನ್ ಕಾರಣ. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಏಕೆಂದರೆ ಬಳಿಕ ಗಾಳಿ ತೆಗೆಯಬೇಕಾಗುತ್ತದೆ.

4. ಪ್ಯಾಡ್ ಸವೆತ: ಒಳಗಿನ ಮತ್ತು ಹೊರಗಿನ ಪ್ಯಾಡ್‌ಗಳ ದಪ್ಪದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಮೊದಲು ಸ್ಲೈಡ್ ಪಿನ್‌ಗಳನ್ನು ನೋಡಬೇಕು.

ದುರಸ್ತಿ ಏನು?

ಪಿನ್ ಮಾತ್ರ ಬಿಗಿಯಾಗಿದ್ದರೆ ಕೆಲಸ ಸುಲಭ, ಖರ್ಚೂ ಕಡಿಮೆ. ಪಿನ್ ಹೊರತೆಗೆದು, ಹಳೆಯ ಗ್ರೀಸ್ ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಿ, ಹೊಸ ಬೂಟ್ ಹಾಕಬೇಕು. ಪಿನ್ ಮೇಲೆ ತುಕ್ಕಿನ ಗುಳಿಗಳಿದ್ದರೆ ಪಿನ್ನನ್ನೇ ಬದಲಿಸಬೇಕು. ಕಳಚಿದ ಕ್ಯಾಲಿಪರ್ ಹೋಸ್ ಮೇಲೆ ನೇತಾಡದಂತೆ ತಂತಿಯಿಂದ ಕಟ್ಟಿಡಬೇಕು.

ಪಿಸ್ಟನ್ ಸಿ-ಕ್ಲಾಂಪ್‌ನಿಂದ ಒತ್ತಿದರೂ ಹಿಂದೆ ಸರಿಯದಿದ್ದರೆ ಸೀಲ್ ಕಿಟ್ ಹಾಕಿ ಸರಿಪಡಿಸಬಹುದು. ಪಿಸ್ಟನ್ ಅಥವಾ ಸಿಲಿಂಡರ್ ಮೇಲೆ ತುಕ್ಕಿನ ಗುಳಿಗಳಿದ್ದರೆ ಆ ಭಾಗ ಬದಲಿಸುವುದೇ ಕ್ಷೇಮ. ಪ್ಯಾಡ್ ಬದಲಿಸುವುದಾದರೆ ಎಡ, ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕಬೇಕು, ಇಲ್ಲವಾದರೆ ಕಾರು ಮತ್ತೆ ಒಂದು ಕಡೆಗೆ ಎಳೆಯಬಹುದು. ಅತಿಯಾಗಿ ಕಾದು ನೀಲಿಗಟ್ಟಿದ ಅಥವಾ ಬಿರುಕು ಬಿಟ್ಟ ಡಿಸ್ಕ್ ಇದ್ದರೆ ಅದನ್ನೂ ಪರೀಕ್ಷಿಸಬೇಕು.

ಹೋಸ್ ಅಥವಾ ಕ್ಯಾಲಿಪರ್ ಬಿಚ್ಚಿದ್ದರೆ ಹೊಸ ಆಯಿಲ್ ತುಂಬಿ ಬ್ಲೀಡಿಂಗ್ ಮಾಡಿಸಲೇಬೇಕು. ಕೆಲಸ ಮುಗಿದ ಮೇಲೆ, ಕಾರು ಚಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಹಿಡಿಯದೇ ಹೋಗಬಹುದು. ನಂತರ ಶಾಖದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡಿ.

ಕೆಲವು ನಂಬಿಕೆಗಳು

"ಓಡಿಸುತ್ತಾ ಇದ್ದರೆ ಬಿಡುತ್ತದೆ": ಭಾಗಶಃ ನಿಜ. ಮಳೆಯಲ್ಲಿ ರಾತ್ರಿಯಿಡೀ ನಿಂತ ಕಾರಿನ ಡಿಸ್ಕ್ ಮೇಲೆ ಕೂರುವ ತೆಳು ತುಕ್ಕು ಕೆಲವು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಕ್ಯಾಲಿಪರ್ ಜಾಮ್ ಹಾಗೆ ಹೋಗುವುದಿಲ್ಲ.

"ನೀರು ಸುರಿದರೆ ಸರಿಹೋಗುತ್ತದೆ": ತಪ್ಪು. ಕಾದ ಡಿಸ್ಕ್ ಒಮ್ಮೆಲೇ ತಣಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾರು ನಿಲ್ಲಿಸಿ ತಾನಾಗಿ ತಣಿಯಲು ಬಿಡಿ.

"ಯಾವ ಗ್ರೀಸ್ ಆದರೂ ನಡೆಯುತ್ತದೆ": ತಪ್ಪು. ಪೆಟ್ರೋಲಿಯಂ ಮೂಲದ ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ ಬ್ರೇಕ್‌ನ ರಬ್ಬರ್ ಭಾಗಗಳನ್ನು ಊದಿಸಿ ಹಾಳು ಮಾಡುತ್ತವೆ. ಪ್ಯಾಡ್ ಮತ್ತು ಡಿಸ್ಕ್ ಮೇಲಂತೂ ಯಾವ ಗ್ರೀಸೂ ತಾಗಬಾರದು.

ಯಾವಾಗ ನಿಲ್ಲಿಸಲೇಬೇಕು?

ಚಕ್ರದಿಂದ ಹೊಗೆ ಬಂದರೆ, ಪೆಡಲ್ ಮೆತ್ತಗಾದರೆ ಅಥವಾ ಬ್ರೇಕ್ ಆಯಿಲ್ ಸೋರಿದರೆ ಮುಂದಿನ ಊರಿನ ಗ್ಯಾರೇಜ್‌ವರೆಗೆ ಓಡಿಸುವ ಯೋಚನೆ ಬೇಡ. ಕಾರನ್ನು ಬದಿಗೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಟೋಯಿಂಗ್ ವಾಹನ ಕರೆಸಿ. ಇಂಥ ಸ್ಥಿತಿ ಬಾರದಂತೆ ತಡೆಯಲು ಎರಡು ಅಭ್ಯಾಸಗಳು ನೆರವಾಗುತ್ತವೆ: ಕಾರಿನ ಕೈಪಿಡಿಯಲ್ಲಿ ಹೇಳಿದ ಅವಧಿಗೆ, ಅಂದರೆ ಅನೇಕ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಬದಲಿಸುವುದು, ಮತ್ತು ಪ್ರತಿ ಸರ್ವಿಸ್‌ನಲ್ಲೂ "ಸ್ಲೈಡ್ ಪಿನ್ ತೆಗೆದು ನೋಡಿದಿರಾ?" ಎಂದು ಕೇಳುವುದು.